ನಾಲ್ಕಕ್ಕೆ ನಾಲ್ಕು ಸಮವಲ್ಲವಂತೆ

ಕುಸ್ತಿಯ ಬಗ್ಗೆ ನನಗೆ ತಿಳಿದಿದ್ದದ್ದು ಇಷ್ಟೇ: ಇಬ್ಬರಿರುತ್ತಾರೆ, ಹಿಡಿದುಕೊಳ್ಳುತ್ತಾರೆ, ಒಬ್ಬರ ಬೆನ್ನು ನೆಲಕ್ಕೆ ತಾಗಿದ ಮೇಲೆ ಬಿಡುತ್ತಾರೆ. ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಅಂಕೋಲೆ–ಕಾರವಾರದ ಬಸ್ಸಿನಲ್ಲಿ ಎರಡು ವರ್ಷ ಕುಸ್ತಿ ಪಂಡಿತೆಯಾಗಿ ಬಾಳಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಈಗ ಕೂತು ಯೋಚಿಸಿದರೆ ನನಗೂ ನಂಬಿಕೆ ಬರುವುದಿಲ್ಲ.

ಬೆಳಗಿನ ಎಂಟೂ ಹತ್ತರ ಬಸ್ಸು ಅದು. ನಾನು ಹತ್ತುವುದು ಅವರ್ಸಾದಲ್ಲಿ, ಇಳಿಯುವುದು ಕಾರವಾರದಲ್ಲಿ. ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ನಾನು ಹತ್ತುವ ಹೊತ್ತಿಗೆ ಹಿಂದಿನ ಸೀಟುಗಳಲ್ಲಿ ಸಭೆ ಸೇರಿ ಆಗಿರುತ್ತದೆ. ಸಭೆಯ ಮುಖ್ಯಸ್ಥ ವಿಠೋಬಣ್ಣ. ಲೈನ್‌ಮನ್ ಕೆಲಸ ಅವನದು, ಕಂಬ ಹತ್ತಿ ಹತ್ತಿ ದನಿಯೂ ಎತ್ತರಕ್ಕೇ ಹೋಗಿಬಿಟ್ಟಿದೆ. ಅವನ ಪಕ್ಕಕ್ಕೆ ಪಾಂಡುಮಾಮ. ಕಾರವಾರದಲ್ಲಿ ಅವರ ಹೊಲಿಗೆ ಅಂಗಡಿಯಿದೆ, ವಾಸ ಮಾತ್ರ ಅಂಕೋಲೆಯ ಮಗಳ ಮನೆಯಲ್ಲಿ. ಮನೆಮಾತು ಕೊಂಕಣಿ, ಜಗಳದ ಮಾತು ಕನ್ನಡ. ಹರೆಯದಲ್ಲಿ ಬೆಳಗಾವಿ ಕಡೆ ಕೆಲಸ ಮಾಡುವಾಗ ಮಣ್ಣಿನ ಕುಸ್ತಿಯನ್ನು ಕಣ್ಣಾರೆ ಕಂಡವರು. ಹಾಗಾಗಿ ಆ ಬಸ್ಸಿನಲ್ಲಿ ಅವರ ಮಾತಿಗೆ ಒಂದು ತೂಕ.

ಮೊದಲೆಲ್ಲ ಈ ಸಭೆಯ ವಿಷಯ ಕ್ರಿಕೆಟ್ಟೂ ಹೆದ್ದಾರಿಯೂ ಆಗಿತ್ತು. ವಿಠೋಬಣ್ಣನ ತಂಗಿಯ ಮಗಳು ನಾಗವೇಣಿ ಅಂಕೋಲೆಯಲ್ಲಿ ಡಿಗ್ರಿ ಓದುತ್ತ ಕುಸ್ತಿಗೆ ಸೇರಿದ ದಿನದಿಂದ ಬೇರೆ ವಿಷಯವೇ ಉಳಿಯಲಿಲ್ಲ. ಕಬಡ್ಡಿಗೆಂದು ಹೋದವಳನ್ನು ಅವಳ ಸರ್, ‘ನೀನು ಹಿಡಿದರೆ ಬಿಡುವುದಿಲ್ಲ, ಕುಸ್ತಿಯೇ ಸರಿ’ ಎಂದು ಅತ್ತ ತಳ್ಳಿದರಂತೆ. ಆ ಸರ್ ಕೂಡ ಮೂಲದಲ್ಲಿ ಕಬಡ್ಡಿಯವರೇ. ಮ್ಯಾಟು ಕೂಡ ಕಬಡ್ಡಿಯದೇ. ತುಂಡುಗಳನ್ನು ಜೋಡಿಸಿ ಹಾಸುವುದು, ಅದರ ಮೇಲೆ ಬಿದ್ದರೆ ಮೊಣಕೈ ಸುಲಿಯುವುದು. ಕಾಲೇಜಿನ ಕ್ರೀಡಾನಿಧಿ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಅವರ್ಸಾದಿಂದ ಶುರುವಾದರೆ ಕಾರವಾರದ ಬಸ್‌ಸ್ಟ್ಯಾಂಡಿನವರೆಗೂ ಉತ್ತರ ಸಿಗುತ್ತಿರಲಿಲ್ಲ. ಹಣವೆಲ್ಲ ಘಟ್ಟದ ಮೇಲಿನ ಪೈಲವಾನರಿಗೆ ಎಂದು ವಿಠೋಬಣ್ಣ. ಘಟ್ಟದ ಮೇಲೂ ಹೀಗೇ ಬೈಯುತ್ತಾರೆ, ಅಲ್ಲಿಯವರ ಪ್ರಕಾರ ಹಣವೆಲ್ಲ ಬೆಂಗಳೂರಿಗೆ ಎಂದು ಪಾಂಡುಮಾಮ.

ತೀರ್ಪಿನ ವಿಷಯದಲ್ಲಿ ಪಾಂಡುಮಾಮನದು ಒಂದೇ ಸಿದ್ಧಾಂತ.

“ಬೆನ್ನಿಗೆ ಮಣ್ಣು ಹತ್ತಿದ್ರೆ ಸೋತ. ಹತ್ತಲಿಲ್ವಾ, ಸೋಲಲಿಲ್ಲ. ನಡುವೆ ಸೀಟಿ ಊದೂಕೆ ಒಬ್ಬ ಎಂತಕೆ ಬೇಕು, ಬಾಯೇ?”

ಇದು ನನಗೆ ಹಿಡಿಸಿತ್ತು. ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ಗಾಯ ಆಗದಿರಲಿ ಎಂದು ಹಾಗೆ ಮಾಡುವುದಂತೆ. ಆದರೆ ಆ ಜಿಡ್ಡಿಗೆ ಇನ್ನೊಂದು ಉಪಯೋಗವೂ ಇರಬೇಕು: ಬೆನ್ನಿಗೆ ಹತ್ತಿದರೆ ಹೋಗುವುದಿಲ್ಲ, ನಿಂತು ಸಾಕ್ಷಿ ಹೇಳುತ್ತದೆ. ನಮ್ಮ ಕಡಲದಂಡೆಯ ಮರಳಿಗೆ ಆ ಗುಣವಿಲ್ಲ. ಕೊಡವಿದರೆ ಉದುರಿಹೋಗುತ್ತದೆ, ಬಿದ್ದವನು ನಾನು ಬೀಳಲೇ ಇಲ್ಲ ಎನ್ನಬಹುದು. ಕುಸ್ತಿ ಘಟ್ಟ ಇಳಿಯದೆ ಮೇಲೆಯೇ ಉಳಿದದ್ದಕ್ಕೆ ಇದೇ ಕಾರಣ ಎಂದು ಒಂದು ದಿನ ನಾನು ಬಸ್ಸಿನಲ್ಲಿ ಮಂಡಿಸಿದೆ. ಎಲ್ಲರೂ ಒಪ್ಪಿದರು. ಒಪ್ಪದೆ ಏನು, ನಾನು ಬಿ.ಎ. ಪಾಸಾದವಳು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಹತ್ತಿದ್ದು ಸುಲಭಕ್ಕಲ್ಲ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ದಾಟಿದ್ದು. ಪಾಸಾದ ಮರುದಿನದಿಂದ ಅಪ್ಪ ಕೇರಿಯ ಕಾಗದಗಳನ್ನೆಲ್ಲ ಮನೆಗೆ ತರತೊಡಗಿದರು. ಒಬ್ಬರ ಪಹಣಿ, ಇನ್ನೊಬ್ಬರ ಔಷಧದ ಚೀಟಿ, ಮತ್ತೊಬ್ಬರ ಮಗನಿಗೆ ಮುಂಬಯಿಯಿಂದ ಬಂದ ನೋಟೀಸು. ‘ನಮ್ಮ ಮಗು ಓದಿ ಹೇಳ್ತದೆ’ ಎಂದು ಅಪ್ಪ ಎದೆ ಸೆಟೆಸಿ ಕೂರುತ್ತಿದ್ದರು. ಹಾಗೆ ಕೂತ ಅಪ್ಪನ ಎದುರು ತಡವರಿಸುವುದಾದರೂ ಹೇಗೆ? ಅರ್ಧ ಓದಿ, ಉಳಿದ ಅರ್ಧ ಊಹಿಸಿ, ಪೂರ್ತಿ ದನಿಯಲ್ಲಿ ಹೇಳುವ ವಿದ್ಯೆ ನನಗೆ ಆಗಲೇ ಸಿದ್ಧಿಸಿತು. ವಿಶ್ವವಿದ್ಯಾಲಯ ಕೊಟ್ಟದ್ದಕ್ಕಿಂತ ಅದೇ ಹೆಚ್ಚು ಕೆಲಸಕ್ಕೆ ಬಂದಿದೆ.

ಕಳೆದ ವರ್ಷ ಅಂತರ ಕಾಲೇಜು ಕುಸ್ತಿ ಪಂದ್ಯ ಕಾರವಾರಕ್ಕೆ ಬಂತು. ನಾಗವೇಣಿಯದು ಕೊನೆಯ ವರ್ಷ, ಐವತ್ಮೂರು ಕಿಲೋ ವಿಭಾಗ. ಅಲ್ಲಿ ಮೊದಲ ನಾಲ್ವರಲ್ಲಿ ಬಂದವರನ್ನು ಎರಡು ವಾರ ಬಿಟ್ಟು ಆಯ್ಕೆಗೆ ಕರೆಯುತ್ತಾರೆ. ಅದರಲ್ಲಿ ಗೆದ್ದವಳು ವಿಶ್ವವಿದ್ಯಾಲಯದ ತಂಡಕ್ಕೆ. ಆ ತಂಡದ ಒಂದು ಸರ್ಟಿಫಿಕೇಟು ಕೈಯಲ್ಲಿದ್ದರೆ ಪೊಲೀಸ್ ಭರ್ತಿಗೆ ಅನುಕೂಲ ಎಂಬ ಲೆಕ್ಕ ಆ ಹುಡುಗಿಯದು. ನಾವೆಲ್ಲ ಅರ್ಧ ದಿನ ರಜೆ ಹಾಕಿ ಹೋಗಿ ಸಭಾಂಗಣದ ಗ್ಯಾಲರಿಯಲ್ಲಿ ಕೂತೆವು.

ಫೈನಲ್ಲಿಗೆ ಬಂದಳು. ಎದುರಾಳಿ ಘಟ್ಟದ ಮೇಲಿನ ಹುಡುಗಿ, ಕೆಂಪು ಬಟ್ಟೆ, ಕಡ್ಡಿಯಂಥ ಮೈ. ನಮ್ಮವಳು ನೀಲಿ. ನಮ್ಮವಳು ಒಮ್ಮೆ ಕೆಡವಿದಳು, ಎರಡು ಸಲ ಅವಳನ್ನು ವೃತ್ತದಿಂದ ಹೊರಗೆ ದಬ್ಬಿದಳು. ಕೆಂಪು ಹುಡುಗಿ ಎರಡು ಸಲ ಕೆಡವಿದಳು. ಹೊತ್ತು ಮುಗಿಯಿತು. ಫಲಕದಲ್ಲಿ ನಾಲ್ಕು–ನಾಲ್ಕು. ನಾವು ಸಮ ಎಂದು ಉಸಿರು ಬಿಡುವಷ್ಟರಲ್ಲಿ ತೀರ್ಪುಗಾರ ಕೆಂಪು ಹುಡುಗಿಯ ಕೈ ಎತ್ತಿಬಿಟ್ಟ.

ಗದ್ದಲ ಹೇಗೆ ಎದ್ದಿತೆಂದು ಹೇಳುವುದು ಬೇಡ. ಮಣ್ಣಿನ ಕುಸ್ತಿಯಲ್ಲಿ ಬರಾಬರಿ ಆದರೆ ಇಬ್ಬರಿಗೂ ಹಾರ ಹಾಕುತ್ತಿದ್ದರೆಂದು ಪಾಂಡುಮಾಮ ಎದ್ದು ನಿಂತು ಸಾರಿದರು. ವಿಠೋಬಣ್ಣ ಅಂಕಣಕ್ಕೆ ಇಳಿಯಲು ಹೊರಟು, ನನ್ನ ಕಡೆ ತಿರುಗಿದ.

“ಅಕ್ಕಾ, ನೀವು ಓದಿದವ್ರು. ಇದು ಯಾವ ನ್ಯಾಯ ಹೇಳಿ.”

ಐದಾರು ಮುಖ ನನ್ನತ್ತ ತಿರುಗಿದವು. ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಯಲ್ಲಿ ಇಬ್ಬರೂ ಸಮ ಎತ್ತಿದರೆ ಮೈತೂಕ ಕಡಿಮೆ ಇದ್ದವರಿಗೆ ಗೆಲುವು ಕೊಡುತ್ತಿದ್ದರೆಂದು ಪತ್ರಿಕೆಯಲ್ಲಿ ಓದಿದ್ದು ತಲೆಯಲ್ಲಿ ಎಲ್ಲೋ ಬಿದ್ದಿತ್ತು. ಭಾರ ಎತ್ತುವುದೂ ಮನುಷ್ಯರನ್ನು ಎತ್ತುವುದೂ ಬೇರೆ ಬೇರೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

“ಸಮ ಆದ್ರೆ ತೂಕ ಕಡಿಮೆ ಇದ್ದವ್ರಿಗೆ ಕೊಡೂದು. ನಿಯಮ ಹಾಗೇ ಅದೆ,” ಎಂದೆ.

ಎಲ್ಲರೂ ಆ ಕಡ್ಡಿಯಂಥ ಹುಡುಗಿಯನ್ನು ನೋಡಿದರು. ಹೌದಲ್ಲ ಎಂದು ತಣ್ಣಗೆ ಕೂತರು. ನಾನು ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದೆ. ಒಂದು ಗಲಭೆ ತಪ್ಪಿಸಿದ ಹೆಮ್ಮೆ ನನ್ನ ಮುಖದ ಮೇಲೆ ಇದ್ದಿರಬೇಕು.

ಆಮೇಲೆ ಒಂದು ವಾರ ನನಗೆ ಆ ಬಸ್ಸು ಸಿಗಲಿಲ್ಲ, ಕಚೇರಿಯ ಕೆಲಸಕ್ಕೆ ಬೇಗ ಹೋಗಬೇಕಾಗಿತ್ತು. ಶುಕ್ರವಾರ ಹಳೆಯ ಸೀಟಿಗೆ ಬಂದು ಕೂತಾಗ ವಿಠೋಬಣ್ಣ ಸಂತೋಷದಲ್ಲಿದ್ದ. ಬುಧವಾರ ಆಯ್ಕೆ, ಈ ಸಲ ನಾಗವೇಣಿ ಸೋಲುವ ಮಾತೇ ಇಲ್ಲವಂತೆ. ರೇಷನ್ ಸೊಸೈಟಿಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ಅಕ್ಕಿ ಮೂಟೆಗಿಂತ ಮೊದಲು ಅವಳನ್ನು ತೂಗುತ್ತಿದ್ದಾರಂತೆ. ಐವತ್ತೆರಡೂವರೆ ಇದ್ದವಳು ನಲವತ್ತೊಂಬತ್ತಕ್ಕೆ ಇಳಿದಿದ್ದಾಳಂತೆ. ಮಧ್ಯಾಹ್ನ ಒಂದು ಲೋಟ ಗಂಜಿತಿಳಿ, ರಾತ್ರಿ ಏನೂ ಇಲ್ಲ.

“ಸಮ ಆದ್ರೂ ಇನ್ನು ನಮ್ದೇ. ಎಲ್ಲ ನಿಮ್ಮ ಉಪಕಾರ, ಅಕ್ಕಾ.”

ಬಸ್ಸು ಆಗ ಅಮದಳ್ಳಿಯ ಹತ್ತಿರ ಇತ್ತು. ಕಾರವಾರ ಬಂದದ್ದು ನನಗೆ ತಿಳಿಯಲಿಲ್ಲ. ಕಂಡಕ್ಟರ್ ಬಂದು ಎಬ್ಬಿಸಿದ, ನಾನು ನಿದ್ದೆ ಮಾಡಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ನಿಯಮದ ಪುಸ್ತಕ ಹುಡುಕಿದೆ. ಇಂಗ್ಲಿಷಿನಲ್ಲಿತ್ತು, ನನ್ನನ್ನು ಎರಡು ಸಲ ಕೆಡವಿದ ಅದೇ ಇಂಗ್ಲಿಷು. ನಾಲ್ಕು ಸಲ ಓದಿದೆ. ಮೈತೂಕದ ಮಾತು ಎಲ್ಲೂ ಇಲ್ಲ. ಅಂಕ ಸಮವಾದರೆ ದೊಡ್ಡ ಅಂಕದ ಪಟ್ಟು ಯಾರು ಹೆಚ್ಚು ಹಾಕಿದ್ದಾರೆಂದು ನೋಡಬೇಕು, ಅದೂ ಸಮವಾದರೆ ಎಚ್ಚರಿಕೆ ಯಾರಿಗೆ ಕಡಿಮೆ ಎಂದು, ಅದೂ ಸಮವಾದರೆ ಕೊನೆಯ ಅಂಕ ಯಾರದು ಎಂದು. ನಾಲ್ಕು ನಾಲ್ಕಕ್ಕೆ ಸಮವಲ್ಲ ಎನ್ನುವ ಗಣಿತ ನನ್ನ ತಲೆಗೆ ಹೋಗಲೊಲ್ಲದು. ಒಂದು ಮಾತ್ರ ಸ್ಪಷ್ಟವಾಯಿತು: ತೀರ್ಪುಗಾರ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದವಳು ಗ್ಯಾಲರಿಯಲ್ಲಿ ನೀರು ಕುಡಿಯುತ್ತಿದ್ದಳು.

ಫೋನಿನಲ್ಲಿ ವಿಠೋಬಣ್ಣನಿಗೆ ಹೇಳಿಬಿಡಬಹುದಿತ್ತು. ಎರಡು ಸಲ ನಂಬರು ಒತ್ತಿ, ಎರಡು ಸಲ ಕತ್ತರಿಸಿದೆ. ಕಡೆಗೆ ಕಚೇರಿ ಬಿಟ್ಟು ಅವರ್ಸಾದಲ್ಲಿ ಇಳಿಯದೆ ನೇರ ಅಂಕೋಲೆಗೆ ಹೋಗಿ, ಬೊಬ್ರುವಾಡದಲ್ಲಿ ನಾಗವೇಣಿಯ ಮನೆ ಕೇಳಿಕೊಂಡು ಹೋದೆ.

ಹುಡುಗಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ನಿನ್ನೆ ಅಭ್ಯಾಸದಲ್ಲಿ ತಲೆತಿರುಗಿ ಬಿದ್ದಳೆಂದೂ, ಯಾರದೋ ದೃಷ್ಟಿ ತಾಗಿರಬೇಕೆಂದೂ ಅವಳಮ್ಮ ಹೇಳಿದರು. ಅವರು ಮೀನು ಹೆರೆಯುತ್ತಿದ್ದರು. ದೃಷ್ಟಿ ನನ್ನದೇ ಎಂದು ಹೇಳುವುದು ಕಷ್ಟವಾಯಿತು. ಪದವಿ ಪಡೆದ ಮೇಲೆ ಅಷ್ಟು ಕಷ್ಟದ ವಾಕ್ಯ ನಾನು ಆಡಿದ್ದಿಲ್ಲ.

“ನಾ ಹೇಳಿದ್ದು ತಪ್ಪು, ತಂಗಿ. ತೂಕಕ್ಕೂ ಗೆಲುವಿಗೂ ಸಂಬಂಧ ಇಲ್ಲ. ನೀ ಊಟ ಮಾಡು.”

ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ನನ್ನನ್ನು ನೋಡಿದಳು, ಅಷ್ಟೇ.

“ಉಪಾಸ ಮಾಡ್ಬೇಡ ಅಂತ ಸರ್ ಹೇಳಿದ್ರು. ಸರ್ ಓದಿದ್ದು ಬರೀ ಆಟದ ಕೋರ್ಸು, ಆ ಅಕ್ಕ ಬಿ.ಎ. ಮಾಡಿದವ್ರು ಅಂದ ಮಾಮ. ಅದ್ಕೇ ನಿಮ್ದು ನಂಬಿದೆ.”

ಮೊಬೈಲು ತೆಗೆದು ನಿಯಮ ಓದತೊಡಗಿದೆ. ನಮ್ಮದು ಒಂದು ಎರಡಂಕದ ಪಟ್ಟು, ದಬ್ಬಿದ್ದಕ್ಕೆ ಒಂದೊಂದು. ಕೆಂಪು ಹುಡುಗಿಯದು ಎರಡು ಎರಡಂಕದ ಪಟ್ಟು. ಆದ್ದರಿಂದ, ಅಂದರೆ, ಹಾಗಾಗಿ... ನಡುವೆ ಎಲ್ಲೋ ದಾರಿ ತಪ್ಪಿದೆ. ಮೀನು ಹೆರೆಯುತ್ತಿದ್ದ ಅಮ್ಮ ಕತ್ತಿ ಬದಿಗಿಟ್ಟು, ತಟ್ಟೆಯಿಂದ ಬಂಗಡೆ ಎತ್ತಿ ಎರಡು ಗುಂಪು ಮಾಡಿದರು. ಅವರು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗಂತೆ.

“ಇಲ್ಲಿ ದೊಡ್ಡವು ಎರಡು. ಇಲ್ಲಿ ದೊಡ್ಡದು ಒಂದು, ಸಣ್ಣವು ಎರಡು. ತೂಕ ಒಂದೇ. ನೀವು ಯಾವ್ದು ತಕಂತ್ರಿ?”

ನಾನು ದೊಡ್ಡವನ್ನು ತೋರಿಸಿದೆ.

“ಆ ಸೀಟಿಯವನೂ ಅದ್ನೇ ತಕಂಡ,” ಎಂದು ಅವರು ಮತ್ತೆ ಕತ್ತಿ ಹಿಡಿದರು.

ನಾಗವೇಣಿ ಮೆಲ್ಲಗೆ ಎದ್ದು ಒಳಗೆ ಹೋದಳು. ತಟ್ಟೆಯ ಸದ್ದು ಕೇಳಿತು. ಕುಚ್ಚಲಕ್ಕಿ ಅನ್ನ, ಮಧ್ಯಾಹ್ನದ ಸಾರು. ಅವಳು ಉಣ್ಣುವುದನ್ನು ನೋಡುತ್ತ ನಾನು ಕೊನೆಯ ಬಸ್ಸಿನ ಯೋಚನೆಯನ್ನೂ ಬಿಟ್ಟು ಕೂತಿದ್ದೆ.

ಬುಧವಾರ ಆಯ್ಕೆಗೆ ಅದೇ ಸಭಾಂಗಣ, ಅದೇ ನಾವು. ತೂಕದ ಯಂತ್ರ ಐವತ್ತೊಂದು ತೋರಿಸಿತಂತೆ. ನಾಲ್ವರಲ್ಲಿ ಪ್ರತಿಯೊಬ್ಬಳೂ ಉಳಿದ ಮೂವರ ಜೊತೆ ಆಡಬೇಕು. ನಾಗವೇಣಿ ಮೊದಲನೆಯ ಆಟದಲ್ಲೇ ಕೆಂಪು ಹುಡುಗಿಯ ಕೈಯಲ್ಲಿ ಸೋತಳು. ಕೊನೆಯ ಅರ್ಧ ನಿಮಿಷದಲ್ಲಿ ಅವಳಿಗೆ ಉಸಿರೇ ಇರಲಿಲ್ಲ. ಆ ಅರ್ಧ ನಿಮಿಷ ನನ್ನ ಲೆಕ್ಕಕ್ಕೆ ಸೇರಿದ್ದು, ಅದನ್ನು ಯಾರೂ ಹೇಳಬೇಕಾಗಿಲ್ಲ. ಎರಡನೆಯದು ಗೆದ್ದಳು. ಮೂರನೆಯದರಲ್ಲಿ ಎದುರಾಳಿಯ ಎರಡೂ ಭುಜ ಮ್ಯಾಟಿಗೆ ಒತ್ತಿ ಹಿಡಿದುಬಿಟ್ಟಳು. ಪಾಂಡುಮಾಮ ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಕೆಂಪು ಹುಡುಗಿ ಇನ್ನೊಬ್ಬಳಿಗೆ ಸೋತಿದ್ದಳು. ಮೂವರಿಗೆ ತಲಾ ಎರಡು ಗೆಲುವು, ಒಂದೊಂದು ಸೋಲು.

ಮೇಜಿನ ಹಿಂದೆ ಕೂತವರು ಬಹಳ ಹೊತ್ತು ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಕಡೆಗೆ ಮೈಕಿನಲ್ಲಿ ಹೆಸರು ಕೂಗಿದರು. ಐವತ್ಮೂರು ಕಿಲೋ ವಿಭಾಗದಲ್ಲಿ ತಂಡಕ್ಕೆ ನಾಗವೇಣಿ.

ಕೆಂಪು ಹುಡುಗಿಯ ಕೈಯಲ್ಲಿ ಸೋತವಳು ಅವಳಿಗಿಂತ ಮುಂದೆ ಬರುವುದು ಹೇಗೆ? ಈ ಸಲ ಅನ್ಯಾಯವೆಂದು ಯಾರೂ ಕೂಗಲಿಲ್ಲ, ಯಾರೂ ಅಂಕಣಕ್ಕೆ ಇಳಿಯಲು ಹೊರಡಲಿಲ್ಲ. ಆದರೆ ವಿಠೋಬಣ್ಣನಿಗೆ ಸುಮ್ಮನಿರಲಾಗಲಿಲ್ಲ. ಗೆಲುವು ನಮ್ಮದಾದರೂ ಅದರ ಕಾರಣ ಗೊತ್ತಿರಬೇಕಲ್ಲ ಎಂದು ನನ್ನತ್ತ ತಿರುಗಿದ. ಉಳಿದ ಮುಖಗಳೂ ತಿರುಗಿದವು.

“ನಂಗೆ ಗೊತ್ತಿಲ್ಲ ಮಾರಾಯ. ಅವಳನ್ನೇ ಕೇಳ್ವ,” ಎಂದೆ.

ಪಾಂಡುಮಾಮ ನನ್ನನ್ನು ಹೊಸದಾಗಿ ಪರಿಚಯವಾದವರಂತೆ ನೋಡಿದರು. ಎಲ್ಲರೂ ಮೆಟ್ಟಿಲಿಳಿದು ಹೋದೆವು. ನಾಗವೇಣಿ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ವಿಠೋಬಣ್ಣನಿಗೆ ಒಂದು ಬಾಳೆಹಣ್ಣು ಕೊಟ್ಟು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೆವರಿದ ಬೆರಳಿನಿಂದ ಬೆಂಚಿನ ಮೇಲೆ ಗೆರೆ ಎಳೆದು ವಿವರಿಸಿದಳು. ಇಬ್ಬರೇ ಸಮವಾದರೆ ಅವರಿಬ್ಬರ ಆಟವನ್ನೇ ನೋಡುವುದಂತೆ. ಮೂವರು ಸಮವಾದರೆ ಹೇಗೆ ಗೆದ್ದರೆಂದು ನೋಡುವುದಂತೆ. ಭುಜ ಒತ್ತಿ ಗೆದ್ದದ್ದಕ್ಕೆ ಬೇರೆ ಲೆಕ್ಕ, ಅಂಕದಲ್ಲಿ ಗೆದ್ದದ್ದಕ್ಕೆ ಬೇರೆ ಲೆಕ್ಕ, ಸೋತರೂ ಒಂದು ಅಂಕ ಗಳಿಸಿ ಸೋತರೆ ಅದಕ್ಕೊಂದು ಲೆಕ್ಕ. ವಿಠೋಬಣ್ಣ ಹೂಂ ಹೂಂ ಎನ್ನುತ್ತಿದ್ದ. ಅವನಿಗೆ ತಿಳಿಯುತ್ತಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿಯುತ್ತಿತ್ತು, ಆ ಹೂಂಕಾರದಲ್ಲಿ ನಾನು ಪಳಗಿದವಳು.

“ತಿಳೀತಾ, ಅಕ್ಕಾ?” ಎಂದಳು.

“ಇಲ್ಲ,” ಎಂದೆ.

ಅವಳು ಬೆಂಚಿನ ಮೇಲಿನ ಗೆರೆಗಳನ್ನು ಅಂಗೈಯಿಂದ ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.