ಹಗೇವಿನ ಬಿಳಿ ವೈನು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಯಲು ಮುಚ್ಚಳ ತೆಗೆದಿದ್ದರು. ಆಫೀಸಿಗೆ ಹೊರಟವಳು ಅದರ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಬಹಳ ದಿನ ಮುಚ್ಚಿಟ್ಟ ಜಾಗದ ತಣ್ಣನೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದದ್ದು ಚಂದಾಪುರದ ನಮ್ಮ ಹಳೆಯ ಮನೆ ಓನರು, ಅವರ ಹಗೇವು, ಅದರೊಳಗಿದ್ದ ಬಿಳಿ ವೈನು...

ದಾವಣಗೆರೆಯಿಂದ ಕೆಲಸಕ್ಕೆ ಬಂದ ಹೊಸದರಲ್ಲಿ ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯಲ್ಲಿ ಅವರೊಬ್ಬರೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಹಿತ್ತಲಿನಾಚೆ ತಂದೆಯ ಕಾಲದ ದ್ರಾಕ್ಷಿ ಚಪ್ಪರವಿತ್ತು. ಬಿಳಿ ದ್ರಾಕ್ಷಿಯನ್ನು ಮಂಡಿಗೆ ಹಾಕಿ ಹಾಕಿ ಬೇಸತ್ತು, ಪರವಾನಗಿಗಾಗಿ ಚಪ್ಪಲಿ ಸವೆಸಿ, ಪಕ್ಕದ ಶೆಡ್ಡಿನಲ್ಲಿ ವೈನು ಮಾಡಲು ಶುರುಮಾಡಿದ್ದರು.

ಗೇಟಿಗೆ ಒಂದು ಬೋರ್ಡನ್ನೂ ಹಾಕಿದರು. ಎಡವಟ್ಟಾದದ್ದೇ ಅಲ್ಲಿ. ಬರೆದವನು ಊರಲ್ಲೆಲ್ಲ ಬರೆಯುವ ಹಾಗೆ ‘ವೈನ್ಸ್’ ಎಂದು ಬರೆದುಬಿಟ್ಟಿದ್ದ. ವೈನ್ಸ್ ಎಂದರೆ ನಮ್ಮ ಕಡೆ ಬ್ರಾಂದಿ ಅಂಗಡಿ ಅಂತ ತಾನೇ? ಶಿಫ್ಟ್ ಬಿಟ್ಟವರೆಲ್ಲ ಗೇಟು ತಟ್ಟಿ, “ಅಣ್ಣ, ಒಂದ್ ಕ್ವಾರ್ಟರ್ ಕೊಡಿ” ಎನ್ನತೊಡಗಿದರು. ಓನರು ತಾಳ್ಮೆಯಿಂದ ಇದು ದ್ರಾಕ್ಷಿಯದು, ಹದವಾಗಬೇಕು, ಸಮಯ ಬೇಕು ಎಂದೆಲ್ಲ ವಿವರಿಸುತ್ತಿದ್ದರು. ಒಬ್ಬ ಪೂರ್ತಿ ಕೇಳಿಸಿಕೊಂಡು, “ಸರಿ ಸಾರ್, ಹಂಗಾದ್ರೆ ಬಿಯರ್ ಇದೆಯಾ?” ಎಂದನಂತೆ.

ಅದೇ ಸಮಯಕ್ಕೆ ಊರಿನಿಂದ ನಮ್ಮಮ್ಮ ಬಂದಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಬೋರ್ಡು ನೋಡಿದ ಅಮ್ಮ ಚೀಲ ಕೆಳಗಿಡದೆ ಗೇಟಿನಲ್ಲೇ ನಿಂತಳು. “ಹೋಗಿ ಹೋಗಿ ಬಾರಿನ ಮ್ಯಾಲೆ ಮನಿ ಹಿಡಿದೀಯಲ್ಲೇ! ನಿಮ್ಮಪ್ಪಗೆ ಏನಂತ ಹೇಳ್ಲಿ?” ಓನರು ಓಡಿ ಬಂದು ಕೈಮುಗಿದರು. “ಅಂಗಡಿ ಅಲ್ಲ ಕಣಮ್ಮ, ಇದು ಬರೀ ದ್ರಾಕ್ಷಿ ರಸ.” ಅಮ್ಮ ಬಿಡಬೇಕಲ್ಲ, “ರಸಾನೋ ವಿಷಾನೋ, ನಿಮಗೇ ಗೊತ್ತು” ಎಂದಳು. ಮಾರನೆಯ ಬೆಳಿಗ್ಗೆ ಅವರೇ ಏಣಿ ಹತ್ತಿ, ಒತ್ತಿನ ‘ಸ’ಕ್ಕೆ ಬಣ್ಣ ಬಳಿದರು. ಅಮ್ಮ ಅಷ್ಟಕ್ಕೆ ಸಮಾಧಾನ ಪಟ್ಟುಕೊಂಡಳು.

ಚಪ್ಪರದ ಜಾಗದಲ್ಲಿ ಪಿಜಿ ಕಟ್ಟಿಸಬೇಕೆಂದು ಅವರ ತಮ್ಮ ಹಟ ಹಿಡಿದಿದ್ದ. ಬಿಲ್ಡರ್ ಆಗಲೇ ಬಂದು ಅಳತೆ ಮಾಡಿಕೊಂಡು ಹೋಗಿದ್ದ. ಓನರು ಒಂದು ವರ್ಷ ಗಡುವು ಕೇಳಿದರು. ಅಷ್ಟರಲ್ಲಿ ದೊಡ್ಡ ಹೋಟೆಲಿನವರು ಯಾರಾದರೂ ತಮ್ಮ ವೈನು ಒಪ್ಪಿದರೆ ಚಪ್ಪರ ಉಳಿಯಬೇಕು, ಇಲ್ಲದಿದ್ದರೆ ಸಹಿ ಹಾಕುತ್ತೇನೆ ಎಂದಿದ್ದರು. ಎಲ್ಲರ ಹಾಗೆ ಮರದ ಪೀಪಾಯಿಯಲ್ಲಿಟ್ಟರೆ ತಮ್ಮನ್ನು ಕೇಳುವವರಾರು ಎಂದು ಯೋಚಿಸಿ, ಅಜ್ಜ ರಾಗಿ ತುಂಬಿಡುತ್ತಿದ್ದ ಹಗೇವನ್ನು ಶುಚಿ ಮಾಡಿಸಿದರು. ಆ ನೆಲದಡಿಯ ಕಣಜಕ್ಕೆ ಪಿಂಗಾಣಿ ಜಾಡಿಗಳನ್ನು ಇಳಿಸಿ, ಸುತ್ತ ರಾಗಿ ಹುಲ್ಲು ತುರುಕಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರು. “ಅಗೇವಲ್ಲಿ ಬ್ಯಾಸ್ಗೇನೂ ಇಲ್ಲ, ಚಳೀನೂ ಇಲ್ಲ ಕಣಮ್ಮ. ರಾಗಿ ಮಲಗಿದಂಗೆ ಇದೂ ಮಲಗ್ಲಿ” ಎನ್ನುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಹೋಟೆಲಿನವನೊಬ್ಬ ಬರಲು ಒಪ್ಪಿದ. ಚಪ್ಪಡಿಯನ್ನು ತನ್ನೆದುರೇ ತೆಗೆಯಬೇಕು, ವಿಡಿಯೋ ಮಾಡಬೇಕು ಎಂದಿದ್ದ. ಒಂದು ಗಂಟೆ ಗಾಳಿಯಾಡಿದರೆ ಸಾಕು ಎಂದು ಓನರು ಎಣಿಸಿದ್ದರು. ರಾಗಿಯ ಹಗೇವಿಗೆ ಅದು ಸಾಕಾಗುತ್ತಿತ್ತೋ ಏನೋ. ಇಲ್ಲಿ ಜಾಡಿಗಳು ವರ್ಷವಿಡೀ ಹುದುಗುತ್ತ ಒಳಗೇ ಉಸಿರು ಬಿಟ್ಟಿದ್ದವು.

ಚಪ್ಪಡಿ ಸರಿಸಿದರು. ಹಿರಿಯರ ಪದ್ಧತಿಯಂತೆ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಸಿದರೆ, ಅರ್ಧಕ್ಕೇ ಆರಿತು. ಒಳಗೆ ಗಾಳಿಯಾಡಲೆಂದು ಹೊಂಗೆ ಸೊಪ್ಪಿನ ಕಟ್ಟನ್ನು ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರು. ಮತ್ತೆ ಇಳಿಸಿದರು, ಮತ್ತೆ ಆರಿತು. ಹೋಟೆಲಿನವನು ಗಡಿಯಾರ ನೋಡಿಕೊಳ್ಳುತ್ತಿದ್ದ.

ಚಪ್ಪರದ ಕೆಲಸಕ್ಕಿದ್ದವನು ರಾಯಚೂರಿನ ಕಡೆಯವನು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಹೆಂಡತಿಯ ಜೊತೆಗಿದ್ದ. ಅವನು ಅಂಗಿ ಬಿಚ್ಚಿ ಮುಂದೆ ಬಂದ. “ಸೊಂಟಕ್ಕ ಹಗ್ಗ ಕಟ್ರಿ ಸಾವ್ಕಾರ. ನಾ ಇಳೀತೀನಿ. ಏನೂ ಆಗಂಗಿಲ್ಲ.”

“ಅವ್ರೇ ರೆಡಿ ಇದಾರಲ್ಲ ಸಾರ್, ಎರಡು ನಿಮಿಷದ ಕೆಲಸ” ಎಂದ ಹೋಟೆಲಿನವನು.

ಓನರು ಹಾಗೆ ರೇಗಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. “ದೀಪಾನೇ ಉಸಿರು ಕಟ್ಟಿ ಆರೋಯ್ತು, ನೀನ್ ಬದುಕ್ತೀಯೇನ್ಲಾ? ಓಗು ಅತ್ಲಾಗೆ!” ಎಂದು ಕೂಗಿ, ಚಪ್ಪಡಿಯನ್ನು ಅರ್ಧ ಎಳೆದು ಅದರ ಮೇಲೆಯೇ ಕುಳಿತುಬಿಟ್ಟರು. ಹೋಟೆಲಿನವನಿಗೆ, “ನಾಳೆ ಬನ್ನಿ ಸಾರ್, ನಾನೇ ಇಳಿದು ತಂದ್ಕೊಡ್ತೀನಿ” ಎಂದರು. ಅವನು ನೋಡೋಣ ಎಂದು ಕಾರು ಹತ್ತಿದ.

ಮಾರನೆಯ ದಿನ ಲಾಂದ್ರ ಆರಲಿಲ್ಲ. ಓನರೇ ಇಳಿದು ಒಂದು ಜಾಡಿ ತಂದರು. ವೈನು ಹೊಸ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಕುಡಿ ಎನ್ನದೆ ಸುಮ್ಮನೆ ನನ್ನ ಮುಂದಿಟ್ಟರು. ಒಂದು ಗುಟುಕು ಕುಡಿದೆ. ಅಮ್ಮನಿಗೆ ಇಂದಿಗೂ ಹೇಳಿಲ್ಲ. ಮೊದಲು ಹುಳಿ, ಆಮೇಲೆ ಹುರಿದ ರಾಗಿಯ ಘಮದಂಥದ್ದೇನೋ... ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು.

ಹೋಟೆಲಿನವನು ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಬೇರೆಯವರೂ ಸಿಗಲಿಲ್ಲ. ಓನರು ಮಾತಿನಂತೆ ಸಹಿ ಹಾಕಿದರು. ಚಪ್ಪರ ಕಡಿಯುವ ದಿನ ಅವರು ಮನೆಯಲ್ಲಿರಲಿಲ್ಲ. ಹಗೇವಿಗೆ ಕಟ್ಟಡದ ಮಣ್ಣನ್ನೇ ತುಂಬಿದರು. ಅದೇ ವರ್ಷ ನಾನು ಮದುವೆಯಾಗಿ ಹೆಬ್ಬಗೋಡಿಗೆ ಬಂದೆ. ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹತ್ತಿರದ ಊರು, ಯಾವಾಗ ಬೇಕಾದರೂ ಹೋಗಬಹುದು ಎನ್ನುವುದರಲ್ಲೇ ಕಾಲ ಕಳೆಯಿತು.

ಸಂಪಿನ ವಾಸನೆ ಮನಸ್ಸು ಕೆಡಿಸಿದ್ದಕ್ಕೋ ಏನೋ, ಈ ಭಾನುವಾರ ಚಂದಾಪುರಕ್ಕೆ ಹೋದೆ. ಪಿಜಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದವನು ಅದೇ ರಾಯಚೂರಿನವನು. ತಲೆ ನರೆತಿದ್ದರೂ ಗುರುತು ಹಿಡಿದ.

“ಸಾವ್ಕಾರ್ರು ಹೋದ್ರಿ ಮೇಡಂ. ಹೋದ ಯುಗಾದಿ ಮುಂದ” ಎಂದ.

ನನಗೆ ಅಳು ಬಂತು. ನಾನು ಕಣ್ಣೊರೆಸಿಕೊಳ್ಳುವಾಗ ಅವನು ಒಳಗೆ ತಿರುಗಿ ಯಾರನ್ನೋ ಕೂಗಿದ. ಎರಡು ಜಡೆ ಹಾಕಿದ ಹುಡುಗಿಯೊಬ್ಬಳು ನೀರು ತಂದಳು, ಹೈಸ್ಕೂಲಿನವಳಿರಬೇಕು. ಅವಳು ಲೋಟ ಕೊಟ್ಟು ಒಳಗೆ ಹೋಗುವವರೆಗೂ ಅವನು ಅವಳನ್ನೇ ನೋಡುತ್ತಿದ್ದ.

“ಅವತ್ತ ನನ್ನ ಬೈದು ಕಲ್ಲಿನ ಮ್ಯಾಲ ಕುಂತ್ರಲ್ರಿ ಮೇಡಂ,” ಎಂದ ಮೆಲ್ಲಗೆ, “ಆಗ ಇಕಿ ಅವರವ್ವನ ಹೊಟ್ಯಾಗಿದ್ಲ್ರಿ.”