ಅಪ್ಪನ ಸಿಗರೇಟಿನ ಖಟ್ಲೆ

ಅಪ್ಪನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಪ್ರೀತಿ ಇಲ್ಲವೆಂದಲ್ಲ. ಅದು ಸಿಟ್ಟಿನ ಹಿಂದೆ ಪಾಳಿ ಹಚ್ಚಿ ನಿಂತಿರುತ್ತದೆ, ಅದರ ಸರದಿ ಬರುವುದೇ ಇಲ್ಲ.

ಅಪ್ಪನ ಹೆಸರು ಸೋಮನಿಂಗ. ಮೂವತ್ನಾಲ್ಕು ವರ್ಷ ಕೋರ್ಟಿನಲ್ಲಿ ಸಿಪಾಯಿಯಾಗಿದ್ದವನು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ, ಕೊನೆಗೆ ಸಿಂದಗಿ, ಹೀಗೆ ನಾಲ್ಕು ತಾಲೂಕಿನ ಕೋರ್ಟುಗಳ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗಿದ್ದಾನೆ. ನಮ್ಮ ಹಿರಿಯರು ಕುರಿ ಕಾಯ್ದವರು. ಅಡವಿಯಲ್ಲಿ ಕುರಿ ಕರೆಯುವ ಗಂಟಲನ್ನೇ ತಾನು ಕೋರ್ಟಿಗೆ ತಂದೆ ಎಂದು ಅಪ್ಪ ಹೇಳಿಕೊಳ್ಳುತ್ತಾನೆ. ಅವನು ಒಂದು ಹೆಸರು ಕೂಗಿದರೆ ರಸ್ತೆಯಾಚೆ ಚಹಾ ಕುಡಿಯುತ್ತ ಕೂತ ಆಸಾಮಿ ಕಪ್ಪು ಬಸಿ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದ. ಒಂದು ಖಟ್ಲೆ ಒಳಗೆ ಹೋಯಿತೆಂದರೆ ಮುಂದಿನದಕ್ಕೆ ಕರೆ ಬರುವ ತನಕ ಬಿಡುವು. ಆ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಒಂದು ಸಿಗರೇಟು. ದಿನಕ್ಕೆ ಎಷ್ಟು ಖಟ್ಲೆಯೋ ಅಷ್ಟು ಸಿಗರೇಟು. ಜಡ್ಜ್ ಸಾಹೇಬರು ರಜೆ ಇದ್ದ ದಿನ ಮಾತ್ರ ಅವನ ಎದೆಗೂ ರಜೆ.

ಮನೆಗೆ ಬಂದ ಮೇಲೂ ಬಿಡುತ್ತಿರಲಿಲ್ಲ. ಅವ್ವ ಸುಂದರವ್ವ ರೊಟ್ಟಿ ಬಡಿಯುವಾಗ ಇವನು ಅಡುಗೆಮನೆಯ ಬಾಗಿಲಲ್ಲಿ ಕೂತು ಹೊಗೆ ಬಿಡುತ್ತ ಅವತ್ತಿನ ಖಟ್ಲೆಗಳ ಕಥೆ ಹೇಳಬೇಕು. “ನಿಮ್ಮ ಹೊಗಿ ಒಂದಿನ ನನ್ನ ತಲ್ಯಾಗ ಗಂಟ ಕಟ್ಟತೈತಿ ನೋಡ್ರಿ,” ಎಂದು ಅವ್ವ ಬೈಯುತ್ತಿದ್ದಳು. ಬೈದು, “ಆಮ್ಯಾಲ ಏನಾತು?” ಎಂದು ಕಥೆಯನ್ನೂ ಕೇಳುತ್ತಿದ್ದಳು. ಈ ಬೈಗುಳವನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಅದನ್ನು ನಾವು ಯಾರೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಅಪ್ಪ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಶ್ರಾವಣದಲ್ಲಿ ಒಂದು ಭಾನುವಾರ ಅವ್ವ ಅಪ್ಪನ ಲೋಟಕ್ಕೆ ಹಾಕಬೇಕಾದ ಮಜ್ಜಿಗೆಯನ್ನು ಪಕ್ಕದ ನೆಲಕ್ಕೆ ಸುರಿದಳು. ನಾನು ಮಸೂತಿ ಎಂಬ ಊರಿನ ಸಾಲಿಯಲ್ಲಿ ಶಿಕ್ಷಕಿ, ಬಾಗೇವಾಡಿಯಲ್ಲಿ ಮನೆ. ಅವತ್ತು ಅಕಸ್ಮಾತ್ ಸಿಂದಗಿಗೆ ಬಂದಿದ್ದೆ. ಅವ್ವನ ಎಡಗಣ್ಣು ಮುಚ್ಚಿ, “ನನ್ನ ಬೆರಳ ಎಷ್ಟ ಅದಾವ ಹೇಳು,” ಎಂದೆ. “ಬೆರಳ ಎಲ್ಲಿ ಹಿಡದಿ?” ಎಂದು ಕೇಳಿದಳು. ಮುಖದ ಮುಂದೆಯೇ ಹಿಡಿದಿದ್ದೆ. ಮರುದಿನವೇ ಇಬ್ಬರನ್ನೂ ವಿಜಯಪುರಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಸ್ಕ್ಯಾನಿಂಗಿಗೆ ಕಳಿಸಿದರು, ಸ್ಕ್ಯಾನಿಂಗಿನವರು ಮೆದುಳಿನ ಡಾಕ್ಟರ್ ಜುಲ್ಫಿಕರ ಅವರ ಹತ್ತಿರ ಕಳಿಸಿದರು.

ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಣ್ಣಿನ ಹಿಂದೆ ಸಣ್ಣ ಲಿಂಬಿಕಾಯಿಯಷ್ಟು ಬೆಳ್ಳಗೆ ಕಂಡಿತು. “ಇದು ಕ್ಯಾನ್ಸರ್ ಇದ್ಧಂಗ ಕಾಣೂದಿಲ್ಲ, ಹೆದರಬ್ಯಾಡ್ರಿ. ನಿಧಾನ ಬೆಳೆಯೋ ಗಡ್ಡಿ. ಆದ್ರ ಕಣ್ಣಿನ ನರದ ಮ್ಯಾಲ ಕುಂತೈತಿ. ಹದಿನೈದು ದಿನದೊಳಗ ತಗಸ್ರಿ. ತಡ ಮಾಡಿದ್ರ ಬಲಗಣ್ಣ ಹೋಗತೈತಿ,” ಎಂದರು.

ಬೇರೆ ಯಾರಾದರೂ ಆಗಿದ್ದರೆ ಜೀವಕ್ಕೆ ಅಪಾಯವಿದೆಯೇ, ಎಷ್ಟು ದಿನ ದವಾಖಾನೆಯಲ್ಲಿರಬೇಕು ಎಂದು ಕೇಳುತ್ತಿದ್ದರು. ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಸಾಹೇಬ್ರ, ಇದು ನನ್ನ ಸಿಗರೇಟಿನಿಂದ ಆತೇನ್ರಿ?” ಎಂದು ಕೇಳಿದ.

“ಈ ಪ್ರಶ್ನಿ ಬಾಳ ಮಂದಿ ಕೇಳ್ತಾರ, ಯಜಮಾನ್ರ. ಬ್ಯಾರೆ ಬ್ಯಾರೆ ದೇಶದಾಗ ಸಾವಿರಾರು ಮಂದೀನ ಕೇಳಿ ನೋಡ್ಯಾರ. ಸೇದೋರಿಗೂ ಸೇದಲಾರದೋರಿಗೂ ತಲ್ಯಾಗಿನ ಗಡ್ಡಿ ವಿಷಯದಾಗ ಅಂಥಾ ಫರಕ ಕಂಡಿಲ್ಲ. ಶ್ವಾಸಕೋಶಕ್ಕ, ಬಾಯಿಗೆ, ಹೃದಯಕ್ಕ ಸಿಗರೇಟು ಕೆಟ್ಟದ್ದು ಅನ್ನೋದು ಪಕ್ಕಾ. ಅದಕ್ಕರೆ ನೀವು ಬಿಡ್ರಿ. ಆದ್ರ ಈ ಗಡ್ಡಿಗೆ ಸಿಗರೇಟ ಕಾರಣ ಅಂತ ಸಾಬೀತಾಗಿಲ್ಲ,” ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು.

ಡಾಕ್ಟರು ಅವನ ಎದೆಯ ಭಾರ ಇಳಿಸಿದೆನೆಂದೇ ತಿಳಿದಿರಬೇಕು. ಕೋರ್ಟಿನ ಬಾಗಿಲಲ್ಲಿ ಆಯುಷ್ಯ ಕಳೆದವನ ಮುಂದೆ ‘ಸಾಬೀತಾಗಿಲ್ಲ’ ಎಂಬ ಮಾತು ಆಡಬಾರದೆಂದು ಅವರಿಗೆ ಹೇಗೆ ಗೊತ್ತಾಗಬೇಕು? ತಿರುಗಿ ಬರುವಾಗ ಬಸ್ಸು ದೇವರಹಿಪ್ಪರಗಿ ದಾಟಿತು. ಅಪ್ಪ ನನ್ನ ಕಡೆ ತಿರುಗಿ, “ಮುದ್ದೇಬಿಹಾಳದಾಗ ಒಬ್ಬ ಇದ್ದ. ಹೆಂಡ್ತೀನ ಬಾಂವಿಗೆ ನೂಕಿದ್ದ. ಊರಿಗೆಲ್ಲಾ ಗೊತ್ತಿತ್ತು. ಸಾಬೀತಾಗಿಲ್ಲ ಅಂತ ಬಿಟ್ರು. ಅಂವ ಹೊರಗ ಬಂದು ನನ್ನ ಕಡೇನ ಕಡ್ಡಿಪೆಟ್ಟಿಗಿ ಇಸ್ಕೊಂಡು ಸಿಗರೇಟ ಹಚ್ಚಿದ,” ಎಂದ.

“ಅಪ್ಪಾ, ಅದು ಕೋರ್ಟಿನ ಮಾತು, ಇದು ದವಾಖಾನಿ ಮಾತು. ಅಷ್ಟ ಮಂದೀನ ನೋಡಿದ ಮ್ಯಾಲೂ ಕಾಣಲಿಲ್ಲ ಅಂದ್ರ ಇರಲಿಕ್ಕಿಲ್ಲ ಅಂತ ಅರ್ಥ.”

“ಇರಲಿಕ್ಕಿಲ್ಲ ಅಂದಿ. ಇಲ್ಲ ಅಂತ ಅಂದಿಯೇನು?”

ಕಿಟಕಿಯ ಪಕ್ಕ ಕೂತಿದ್ದ ಅವ್ವ ಹೊರಗೆ ನೋಡುತ್ತಲೇ, “ಗಡ್ಡಿ ನನ್ನ ತಲ್ಯಾಗ ಐತಿ. ಮಾತೆಲ್ಲಾ ಇವ್ರ ಸಿಗರೇಟಿಂದು,” ಎಂದಳು. ಆ ಇಡೀ ದಿನ ಮೂವರಲ್ಲಿ ತಲೆ ಸರಿಯಿದ್ದವಳು ಅವಳೊಬ್ಬಳೇ.

ಅಪ್ಪ ಅವತ್ತೇ ಸಿಗರೇಟು ಬಿಟ್ಟ. ಹೆಂಡತಿ ಮೂವತ್ತು ವರ್ಷ ಬೈದರೂ ಬಿಡದವನು, ಡಾಕ್ಟರು ಈ ಗಡ್ಡೆಗೆ ಅದು ಕಾರಣವೆಂದು ತೋರಿಲ್ಲ ಎಂದ ದಿನ ಬಿಟ್ಟ. ಇಂಥವನ ಹತ್ತಿರ ಏನು ಮಾತಾಡುವುದು? ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಅಪ್ಪ ತನ್ನ ಮೇಲೆ ತಾನೇ ಖಟ್ಲೆ ಹೂಡಿದ. ಕಾರಣ ತಿಳಿಯದೆ ಗಡ್ಡೆ ತೆಗೆಸಿದರೆ ಅದು ಮತ್ತೆ ಬೆಳೆಯುತ್ತದೆ ಎಂಬ ಹೊಸ ವಾದ ತೆಗೆದ. ಡಾಕ್ಟರು ಕೊಟ್ಟ ಹದಿನೈದು ದಿನದಲ್ಲಿ ಎಂಟನೆಯ ದಿನ ಫಿಲ್ಮನ್ನು ಚೀಲದಲ್ಲಿಟ್ಟುಕೊಂಡು, ನನಗೆ ಒಂದು ಮಾತೂ ಹೇಳದೆ, ಸೊಲ್ಲಾಪುರದ ದೊಡ್ಡ ಡಾಕ್ಟರನ್ನು ಕೇಳಿ ಬರುತ್ತೇನೆಂದು ಹೊರಟ. ದಾರಿಯಲ್ಲಿ ಇಂಡಿಯಲ್ಲಿ ಅವನ ಅಕ್ಕನ ಮನೆ. ಅಲ್ಲಿ ನಾಲ್ಕು ದಿನ. ಸೊಲ್ಲಾಪುರದವರು ಮುಂದಿನ ವಾರ ಬಾ ಎಂದರು. ಮತ್ತೆ ಇಂಡಿಯಲ್ಲಿ ಕೂತ. ಇತ್ತ ಆಪರೇಷನ್ನಿನ ದಿನ ಬಂತು, ಹೋಯಿತು.

ಸೊಲ್ಲಾಪುರದ ಡಾಕ್ಟರೂ ಹೇಳಿದ್ದು ಅದನ್ನೇ. ಅಪ್ಪ ಬಿಡದೆ ಕೆದಕಿದಾಗ, ಗಂಡನ ಹೊಗೆ ಕುಡಿದ ಹೆಂಗಸರಲ್ಲಿ ಇಂಥ ಗಡ್ಡೆ ತುಸು ಹೆಚ್ಚು ಎಂದು ಒಂದೆರಡು ಕಡೆ ಕಂಡಿದೆ, ಬೇರೆ ಕಡೆ ನೋಡಿದರೆ ಕಂಡಿಲ್ಲ, ಹಾಗಾಗಿ ಅದನ್ನು ನೆಚ್ಚುವಂತಿಲ್ಲ ಎಂದೂ ಹೇಳಿದರಂತೆ. ಅಪ್ಪ ಮೊದಲ ಅರ್ಧವನ್ನು ಚೀಲಕ್ಕೆ ಹಾಕಿಕೊಂಡ, ಉಳಿದರ್ಧ ಅಲ್ಲೇ ಬಿಟ್ಟು ಬಂದ. ಫೋನಿನಲ್ಲಿ ನನಗೆ, “ಸಾಕ್ಷಿ ಅದಾವ ಯವ್ವಾ. ಆಮ್ಯಾಲ ಉಲ್ಟಾ ಹೊಡದಾವು, ಅಷ್ಟ,” ಎಂದ. ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮೂರನೇ ತರಗತಿಯ ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿದವು.

ಎರಡನೇ ಸಲ ಗೊತ್ತು ಮಾಡಿದ ದಿನ ತಪ್ಪಿದ್ದು ನನ್ನಿಂದ. ದಸರಾ ರಜೆಯಲ್ಲಿ ನಮ್ಮನ್ನು ಮನೆ ಮನೆ ಸಮೀಕ್ಷೆಗೆ ಹಾಕಿದ್ದರು. ಬಿಟ್ಟು ಬಂದರೆ ನೋಟಿಸು. ಆದರೂ ಬರಬಹುದಿತ್ತು, ಬರಲಿಲ್ಲ. ಅವ್ವನಿಗೆ ಫೋನಿನಲ್ಲಿ, “ನೀ ಅಪ್ಪನ ಕರ್ಕೊಂಡು ಹೋಗಿ ಅಡ್ಮಿಟ್ ಆಗು, ನಾ ಸಂಜೀಕ ಬರ್ತೇನಿ,” ಎಂದೆ. “ನಿಮ್ಮಪ್ಪ ಮನ್ಯಾಗ ಎಲ್ಲಿ ಅದಾರ? ಅವ್ರಿಲ್ದ ನಾ ಹೋಗೂದಿಲ್ಲ,” ಎಂದಳು. ಫಿಲ್ಮೂ ಅವನ ಚೀಲದಲ್ಲಿತ್ತು. ಅದರ ಇನ್ನೊಂದು ಪ್ರತಿ ದವಾಖಾನೆಯಲ್ಲೇ ಸಿಗುತ್ತಿತ್ತು. ಅದು ನನಗೆ ಆಗ ಹೊಳೆಯಲೇ ಇಲ್ಲ, ಓದಿದವಳೆಂದು ಹೆಸರು ಬೇರೆ.

ಅಪ್ಪ ಆಗ ಎಲ್ಲಿದ್ದನೆಂದರೆ ಮುದ್ದೇಬಿಹಾಳದಲ್ಲಿ. ಅಲ್ಲಿ ಬಸವಂತರಾಯರೆಂಬ ಮುಪ್ಪಾದ ವಕೀಲರಿದ್ದಾರೆ. ಅಪ್ಪ ನೌಕರಿಗೆ ಸೇರಿದ ಹೊಸದರಲ್ಲಿ ಅವರ ಖಟ್ಲೆಗಳಿಗೆ ಹೆಸರು ಕೂಗಿದವನು. ಅವರ ಮುಂದೆ ಹೋಗಿ ಕೈಕಟ್ಟಿ ನಿಂತು, ಸಾಬೀತಾಗಿಲ್ಲ ಎಂದರೆ ತಪ್ಪು ಮಾಡಿಲ್ಲ ಎಂದೋ, ಮಾಡಿಯೂ ಸಿಕ್ಕಿಲ್ಲ ಎಂದೋ ಎಂದು ಕೇಳಿದನಂತೆ. ವಕೀಲರೇ ನನಗೆ ಫೋನು ಮಾಡಿದರು. “ಕಾವೇರಿ, ನಿಮ್ಮಪ್ಪಗ ನಾ ಒಂದ ಪ್ರಶ್ನಿ ಕೇಳಿದೆ, ನಿನ್ನ ಹೆಂಡ್ತಿ ಎಲ್ಲಿ ಅದಾಳ ಅಂತ. ಮನ್ಯಾಗ ಅದಾಳ್ರಿ ಅಂದ. ದವಾಖಾನ್ಯಾಗ ಇರಬೇಕಾದಾಕಿ ಮನ್ಯಾಗ ಯಾಕ ಅದಾಳ ಅಂದೆ. ಟೊಪ್ಪಿಗಿ ತಗದು ಕೈಯಾಗ ಹಿಡ್ಕೊಂಡಾನ. ಬಸ್ ಹತ್ಸಿ ಕಳಸ್ತೇನಿ, ನೀ ಊರಿಗೆ ಬಾ,” ಎಂದರು.

ನಾನು ಸಮೀಕ್ಷೆಯ ಚೀಲವನ್ನು ಹೆಡ್‌ಮಾಸ್ತರರ ಮನೆಯಲ್ಲಿ ಎಸೆದು ಸಿಂದಗಿಗೆ ಬಂದೆ. ಅವ್ವ ಹಿತ್ತಲ ಬಾಗಿಲಿನ ಚೌಕಟ್ಟಿಗೆ ಬಲಗಡೆಯ ಹಣೆ ಬಡಿಸಿಕೊಂಡು ಅರಿಶಿನ ಹಚ್ಚಿಕೊಂಡು ಕೂತಿದ್ದಳು. ಎಡಗಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಬ್ಯಾಟರಿಯ ಬೆಳಕು ಬಿದ್ದಿದ್ದೂ ಅವಳಿಗೆ ತಿಳಿಯಲಿಲ್ಲ. ಅಪ್ಪ ಬಂದವನೇ ಸೊಲ್ಲಾಪುರದ ಮಾತು ತೆಗೆದ. ನನ್ನ ನಲವತ್ತು ವರ್ಷದಲ್ಲಿ ಅಪ್ಪನ ಮೇಲೆ ಅಷ್ಟು ಒದರಿದ್ದು ಅದೇ ಮೊದಲು. “ಇನ್ನೊಂದ ಸಲ ಸಿಗರೇಟಿನ ಹೆಸರ ತಗದ್ರ ನಾ ಈ ಮನಿಗೆ ಬರೂದಿಲ್ಲ. ಚೀಲ ಇಲ್ಲಿ ಕೊಡು,” ಎಂದೆ. ಕೊಟ್ಟ. ಮೊದಲ ಸಲ ವಿಜಯಪುರಕ್ಕೆ ಹೋದ ದಿನದಿಂದ ಹನ್ನೊಂದು ವಾರ ಕಳೆದಿತ್ತು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಗಡ್ಡೆ ಪೂರ್ತಿ ಬಂತು. ಪರೀಕ್ಷೆಗೆ ಕಳಿಸಿದ್ದರಲ್ಲಿ ಕ್ಯಾನ್ಸರ್ ಅಲ್ಲವೆಂದೂ ಗೊತ್ತಾಯಿತು. ಆರನೆಯ ದಿನ ಡಾಕ್ಟರ್ ಜುಲ್ಫಿಕರ ಪಟ್ಟಿ ಬಿಚ್ಚಿ, ಬಲಗಣ್ಣಿಗೆ ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ಅಪ್ಪ ಹಾಲು ತರಲು ಕೆಳಗೆ ಹೋಗಿದ್ದ. ಹಾಸಿಗೆಯ ಹತ್ತಿರ ನಾನೊಬ್ಬಳೇ ಇದ್ದೆ.

“ನರ ಬಾಳ ದಿನ ಒತ್ತಿಕೊಂಡು ಸತ್ತೈತಿ. ಈ ಕಣ್ಣು ಇನ್ನ ಬರೂದಿಲ್ಲ. ನಾ ಹೇಳಿದ ಹದಿನೈದು ದಿನದಾಗ ಬಂದಿದ್ರ ಉಳೀತಿತ್ತು,” ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದಳು. ಡಾಕ್ಟರು ಹೋದ ಮೇಲೆ ನನ್ನ ಕೈ ಹಿಡಿದು, “ನಿಮ್ಮಪ್ಪನ ಮುಂದ ಈ ಮಾತ ಆಡಬ್ಯಾಡ. ಕಣ್ಣ ಬರೂದಿಲ್ಲ ಅಂತ ಅಷ್ಟ ಹೇಳು,” ಎಂದಳು. ಆಗ ನಾನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅಪ್ಪ ಹಾಲು ತಂದ, ಕಣ್ಣು ಬರುವುದಿಲ್ಲವೆಂದು ಹೇಳಿದೆ, ಅವನು ಹಾಲಿನ ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟ.

ಊರಿಗೆ ಬಂದ ಮೇಲೆ ಮಾತಾಡಿಸಲು ಬರುವವರ ಸಾಲು ಹತ್ತಿತು. ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ: “ನನ್ನ ಸಿಗರೇಟ ಅಕಿ ಕಣ್ಣ ತಿಂತು ನೋಡ್ರಿ.” ಹೇಳಿ ಅಳುತ್ತಿದ್ದ. ಅವರು ಸಮಾಧಾನ ಮಾಡುತ್ತಿದ್ದರು. ಸಿಗರೇಟು ಬಿಟ್ಟೆಯಲ್ಲ, ದೊಡ್ಡ ಮಾತು ಎನ್ನುತ್ತಿದ್ದರು. ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಅಪ್ಪನ ಹಳೆಯ ಗೆಳೆಯ ಧೂಳಪ್ಪ ಬಂದಾಗ ಮತ್ತೆ ಅದೇ ಪುರಾಣ ಶುರುವಾಯಿತು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವ್ವ ಬಾಗಿಲ ಹತ್ತಿರ ಕೂತು ಸಜ್ಜೆ ಹಸನು ಮಾಡುತ್ತ ತಲೆಯನ್ನೆಲ್ಲ ಬಲಕ್ಕೆ ಹೊರಳಿಸಿ ಮೊರ ನೋಡುತ್ತಿದ್ದಳು. 

“ಸಾಕಾತವ್ವ ನನಗ. ಮಾಡಲಾರದ ತಪ್ಪು ಹೇಳ್ಕೊಂಡು ಅಳತಾನ. ಮಾಡಿದ್ದು ಗೊತ್ತಾಗಲಿ ಅವಂಗ. ಇವತ್ತ ಹೇಳ್ತೇನಿ,” ಎಂದು ಸೋಸಣಿಗೆ ಕೆಳಗಿಟ್ಟೆ.

ಅವ್ವ ಮೊರ ಬಿಡಲಿಲ್ಲ. “ಸಿಗರೇಟಿಂದು ಅವ್ರು ಹೊರ್ತಾರ. ಇಷ್ಟ ವರ್ಷ ನಾ ಬೈದೇನಿ, ರೂಢಿ ಆಗೇತಿ. ಹನ್ನೊಂದ ವಾರದ ಮಾತ ಹೇಳಿದಿ ಅಂದ್ರ ನಿಮ್ಮಪ್ಪ ಉಳಿಯೂದಿಲ್ಲ. ನನಗ ಒಂದ ಕಣ್ಣ ಸಾಕು,” ಎಂದಳು.

ಹೊರಗೆ ಧೂಳಪ್ಪ, “ಅಲ್ಲೋ ಸೋಮನಿಂಗ, ಸಿಗರೇಟ ಸೇದೂದು ನೀ, ಗಡ್ಡಿ ಅಕೀಗೆ ಹ್ಯಾಂಗ ಬರತೈತಿ? ನಾ ಎಲ್ಲೂ ಕೇಳಿಲ್ಲ,” ಎನ್ನುತ್ತಿದ್ದ. ನಾನು ಚಹಾ ತೆಗೆದುಕೊಂಡು ಹೋದೆ. ಅಪ್ಪ ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿ, “ಈಕೀನ್ನ ಕೇಳು. ಸಾಲಿ ಕಲ್ತಾಕಿ, ಡಾಕ್ಟ್ರ ಕೂಡ ಮಾತಾಡಿದಾಕಿ. ಹೇಳ ಯವ್ವಾ, ನನ್ನ ಸಿಗರೇಟಿನಿಂದನ ಹೌದಲ್ಲೋ?” ಎಂದ.

ಮೂರು ತಿಂಗಳಿಂದ ಅವನಿಗೆ ಅಲ್ಲ ಅಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಇಬ್ಬರಿಗೂ ಚಹಾ ಕೊಟ್ಟೆ.

“ಹೌದಪ್ಪಾ,” ಎಂದೆ. “ಸಿಗರೇಟಿನಿಂದನ.”