ಹೊರಸಗುಡ್ಡದ ಸಾಕ್ಷಿ ದಿಬ್ಬ

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವಾಗ ಬಸ್ಸಿನ ಎಡಗಡೆ ಕೂತವರಿಗೆ ನಮ್ಮ ಹೊರಸಗುಡ್ಡ ಕಾಣುತ್ತದೆ. ಕಂಡರೂ ಯಾರೂ ಎರಡನೇ ಸಲ ನೋಡುವುದಿಲ್ಲ. ಉದ್ದ ಎರಡು ಮೈಲು, ಎತ್ತರ ಮಾತ್ರ ಏದುಸಿರು ಬರುವುದರೊಳಗೆ ಮುಗಿದುಹೋಗುತ್ತದೆ. ನೆತ್ತಿ ಮಲಗುವ ಹೊರಸಿನ ಹಾಗೆ ಚಪ್ಪಟೆ, ಅದಕ್ಕೇ ಆ ಹೆಸರು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಮ್ಮದು ಹತ್ತಿರದಿಂದಲೂ ನುಣ್ಣಗೇ ಇತ್ತು. ಮರ ಬೆಳೆದದ್ದು ಆಮೇಲೆ. ಅದರ ಬುಡದ ಊರಿನ ಸಾಲೆಯಲ್ಲಿ ನಾನು ಹದಿನೆಂಟು ವರ್ಷ ಭೂಗೋಳ ಕಲಿಸಿದೆ. ಹಿಮಾಲಯದ ಶಿಖರಗಳ ಎತ್ತರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನನಗೆ ಕಣ್ಣೆದುರಿನ ಗುಡ್ಡದ ಬಗ್ಗೆ ಎರಡು ಸಾಲು ಗೊತ್ತಿರಲಿಲ್ಲ. ಅದನ್ನು ನನಗೆ ಕಲಿಸಿದವನು ಭರಮು, ಅರಣ್ಯ ಇಲಾಖೆಯ ವಾಚಮನ್. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ.

ಎಂಬತ್ತೈದರ ಸುಮಾರಿಗೆ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು, ಇದೆಲ್ಲ ಕರಿಕಲ್ಲು ಎಂದು ಗತ್ತಿನಿಂದ ಹೇಳುತ್ತಿದ್ದೆ. ಭರಮು ಗಿಡಕ್ಕೆ ಮಣ್ಣು ಏರಿಸುತ್ತಿದ್ದವನು ಎದ್ದು ಬಂದ.

“ಗುರುಗಳ, ಹುಡುಗರಿಗೆ ಅರ್ಧಾ ಹೇಳಬ್ಯಾಡ್ರಿ. ಮ್ಯಾಲ ಹುಲ್ಲಿನ ಬೇರು ನಾಕ್ ಬೊಟ್ಟು. ಅದರ ಕೆಳಗ ಕೆಂಪು ಕಲ್ಲು, ಬಾಕ್ಸೈಟ್ ಇರೂದು ಅದರಾಗ. ಅದರ ಕೆಳಗ ಬಿಳಿ ಜೇಡಿ. ನಿಮ್ಮ ಕರಿಕಲ್ಲು ಕಟ್ಟಕಡೀಗೆ.”

ಬಿದ್ದ ಮಳೆ ಕೆಂಪು ಕಲ್ಲಿನೊಳಗೆ ಇಳಿಯುತ್ತದಂತೆ, ಜೇಡಿಯನ್ನು ದಾಟಲಾರದೆ ಅದರ ಮೇಲೇ ಹರಿದು ಮೂಡಣದ ಮಗ್ಗುಲಲ್ಲಿ ಝರಿಯಾಗಿ ಹೊರಬೀಳುತ್ತದಂತೆ. ನಮ್ಮೂರಿನ ಬಾವಿಗಳಲ್ಲಿ ಬೇಸಿಗೆಗೂ ನೀರಿರುವುದು ಆ ಕಾರಣಕ್ಕೆ ಎಂದು ಮಕ್ಕಳೆದುರು ಬಿಡಿಸಿ ಹೇಳಿದ. ನನಗೆ ಅವಮಾನವಾಯಿತು. ಮರುದಿನದಿಂದ ಅವನ ಪಾಠವನ್ನೇ ನನ್ನದೆಂದು ಹೇಳತೊಡಗಿದೆ.

ಇದೆಲ್ಲ ಅವನಿಗೆ ಗೊತ್ತಾದದ್ದು ಹಾರೆಯಿಂದ. ಅರವತ್ತಾರರಲ್ಲಿ ಒಂದು ಕಂಪನಿ ಬಾಕ್ಸೈಟ್ ತೆಗೆಯಲು ಗುಡ್ಡ ಹತ್ತಿತ್ತು, ಐದು ವರ್ಷ ಅಗೆದು ಲಾರಿ ತುಂಬಿತ್ತು. ಗಂಡ-ಹೆಂಡತಿ ಜೋಡಿಯಾಗಿ ಕೆಲಸ. ಭರಮು ಕಡಿಯುವವನು, ಅವನ ಹೆಂಡತಿ ಜನಾಬಾಯಿ ಬುಟ್ಟಿ ಹೊರುವವಳು. ಪ್ರತಿ ಜೋಡಿಗೂ ಒಂದು ಗುಂಡಿ. ಗುಂಡಿಯ ನಟ್ಟನಡುವೆ ಒಂದು ದಿಬ್ಬವನ್ನು ಮಾತ್ರ ಅಗೆಯದೆ ಬಿಡಬೇಕು, ಅದರ ನೆತ್ತಿಯ ಮೇಲೆ ಮೊದಲಿನ ಹುಲ್ಲು ಹಾಗೇ ಇರಬೇಕು. ಶನಿವಾರ ಆಳುಗಳ ಮೇಲ್ವಿಚಾರಕ, ಮುಕಾದಮ ಧರೆಪ್ಪ ಕೋಲು ಹಿಡಿದು ಬಂದು ಆ ದಿಬ್ಬ ಅಳೆಯುತ್ತಿದ್ದ. ದಿಬ್ಬ ಎಷ್ಟು ಎತ್ತರವೋ ಅಷ್ಟು ಆಳ ಅಗೆದಂತೆ ಲೆಕ್ಕ, ಕೂಲಿಯೂ ಅದರ ಮೇಲೆ. ಆಳುಗಳು ಅದನ್ನು ಸಾಕ್ಷಿ ದಿಬ್ಬ ಅನ್ನುತ್ತಿದ್ದರು. ಗುಂಡಿ ಮುಗಿದರೂ ಅದನ್ನು ಕೆಡವುವಂತಿರಲಿಲ್ಲ.

ಎಪ್ಪತ್ತೊಂದರಲ್ಲಿ ಮಾಲು, ಅಂದರೆ ಬಾಕ್ಸೈಟಿನ ಪದರು, ತೆಳುವಾಯಿತೆಂದು ಕಂಪನಿ ಗಂಟುಮೂಟೆ ಕಟ್ಟಿತು. ಗುಡ್ಡ ಸಿಡುಬು ಬಂದ ಮುಖದಂತಾಗಿತ್ತು. ಎಂಬತ್ಮೂರರಲ್ಲಿ ಅರಣ್ಯ ಇಲಾಖೆ ಗಿಡ ನೆಡಲು ಬಂದಾಗ, ಗುಂಡಿಯಲ್ಲೇ ನೆಡಿರಿ, ತಾನು ತೆಗೆದ ಗುಂಡಿಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆಂದು ತನಗೆ ಗೊತ್ತು ಎಂದವನು ಭರಮು. ಅವನನ್ನೇ ವಾಚಮನ್ ಮಾಡಿದರು. ಬೇವು, ಹೊಂಗೆ, ಹುಣಸೆ, ಸೀತಾಫಲ ಎಲ್ಲ ಹಿಡಿದವು. ಎಂಟು ವರ್ಷದಲ್ಲಿ ಗುಂಡಿಗಳೊಳಗಿನ ಮರಗಳು ಬೆಳೆದು ಮೇಲೆ ಇಣುಕಿದವು, ನವಿಲು ಬಂದವು. ಮಧ್ಯಾಹ್ನ ಗಂಡ-ಹೆಂಡತಿ ಹುಣಸೆಯ ನೆರಳಲ್ಲಿ ರೊಟ್ಟಿ ತಿನ್ನುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ನೆಮ್ಮದಿಯಾಗಿ ಊಟ ಮಾಡುವ ಮಂದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಂಬತ್ತೊಂದರ ಜನವರಿಯಲ್ಲಿ ಜೀಪೊಂದು ಗುಡ್ಡ ಹತ್ತಿತು. ಬಂದವರು ಬಾಹುಬಲಿ, ಏಕಸಂಬಿಯ ಕಡೆಯವರು, ಸರಕಾರದ ಭೂವಿಜ್ಞಾನಿ. ಗುಡ್ಡದಲ್ಲಿ ಮಾಲು ಇನ್ನೂ ಉಳಿದಿದೆಯೇ ಎಂದು ನೋಡುವುದು ಅವರ ಕೆಲಸ. ಗುಂಡಿಗಳ ಅಂಚುಗಳೆಲ್ಲ ಕುಸಿದು, ಸಾಕ್ಷಿ ದಿಬ್ಬಗಳೆಲ್ಲ ಮಳೆಗೆ ಕರಗಿ, ಮೂಡಣದ ಗುಂಡಿಯಲ್ಲಿ ಒಂದೇ ಒಂದು ಎದೆಮಟ್ಟದ ದಿಬ್ಬ ಉಳಿದಿತ್ತು. ಬಾಹುಬಲಿಯವರು ಅದನ್ನು ಸುತ್ತಿಗೆಯಿಂದ ಬಡಿದರು, ಟೇಪು ಹಿಡಿದರು, ಖುಷಿಯಾದರು.

“ಹಳೇ ಕಾಗದದಾಗ ಬರದದ್ದಕ್ಕಿಂತ ಪದರು ದಪ್ಪ ಐತ್ರಿ. ಉದ್ದಕ್ಕೂ ಹಿಂಗ ಇದ್ರ ಖಣಿ ಮತ್ತ ಸುರು ಆಗತೈತಿ. ಗುಡ್ಡದ ತುಂಬ ಗುಂಡಿ ತೋಡಿ ನೋಡಬೇಕು. ಅದಕ್ಕ ಮೊದಲ ಮರ ತಗೀಬೇಕಾಕ್ಕೈತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಭರಮುವಿನ ಮುಖ ಹಾಗಾಯಿತು. ಸಂಜೆ ನನ್ನ ಮನೆಗೆ ಬಂದ. ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಗುರುಗಳ, ಆ ದಿಬ್ಬ ನಂದು. ಅದು ಸುಳ್ಳ ಐತಿ.”

ಅರವತ್ತೊಂಬತ್ತರಲ್ಲಿ ಜನಾಬಾಯಿಗೆ ಏಳು ತಿಂಗಳು. ಮನೆಯಲ್ಲಿರು ಅಂದರೆ ಕೇಳುವ ಹೆಂಗಸಲ್ಲ. ಹೆಚ್ಚು ಕಡಿದರೆ ಹೆಚ್ಚು ಹೊರುತ್ತಾಳೆ ಎಂದು ಇವನು ಬೇಕೆಂದೇ ಕಡಿಮೆ ಕಡಿದಿದ್ದ. ಅಳತೆಗೆ ಕಮ್ಮಿಯಾಗಬಾರದೆಂದು, ಅವಳು ಅತ್ತ ಹೋದಾಗ ದಿಬ್ಬದ ನೆತ್ತಿಯ ಹುಲ್ಲು ಎಬ್ಬಿಸಿ, ಒಂದು ಗೇಣು ಕೆಂಪು ಕಲ್ಲು ಕೂರಿಸಿ, ಮೇಲೆ ಮತ್ತೆ ಹುಲ್ಲು ಹಾಸಿದ್ದ. ಆ ಕಲ್ಲಿನ ಗುಣವೇ ಹಾಗೆ, ಗಾಳಿ ಬಿಸಿಲಿಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳು ಬಂಡೆಯಾಗಿತ್ತು.

“ಹೇಳಿದ್ರ ಕಳ್ಳ ಆಗತೀನಿ, ವಾಚಮನ್ ಕೆಲಸಾನೂ ಹೋದೀತು. ಹೇಳದಿದ್ರ ಮರ ಹೋಗತಾವ.”

ನಾನು ಸುಮ್ಮನಿರು ಅಂದೆ. ಮಾಸ್ತರಿಕೆ ಮಾಡುವವನು ಕೊಡುವ ಬುದ್ಧಿ ಇಷ್ಟೇ. ಅವನು ನನ್ನನ್ನು ಮರುಕದಿಂದ ನೋಡಿ ಎದ್ದುಹೋದ.

ಮರುದಿನ ಬೆಳಿಗ್ಗೆ ಬಾಹುಬಲಿಯವರ ಎದುರು ನಿಂತು ಎಲ್ಲ ಹೇಳಿದ. ಹೆಂಡತಿ ಬಸುರಿ ಇದ್ದದ್ದನ್ನು ಮಾತ್ರ ಹೇಳಲಿಲ್ಲ, ಮೈಗಳ್ಳತನ ಮಾಡಿದೆ ಅಂದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

“ಹಂಗಾರ ಒಡದ ನೋಡೋಣ ಭರಮಣ್ಣಾ. ಒಂದ ಗೇಣು ಅಂದ್ರಿ, ಹೌದಿಲ್ಲೋ?”

“ಒಂದ ಗೇಣ್ರಿ. ಮಗಳ ಮ್ಯಾಲ ಆಣಿ.”

ಭರಮು ತಾನೇ ಹಾರೆ ಹಾಕಿದ. ಮೇಲ್ಮೈಯ ಅಂಟು ಒಡೆಯುತ್ತಲೇ ಮೊದಲ ಗೇಣು ಬಿಡಿಬಿಡಿಯಾಗಿ ಕಳಚಿ ಬಂತು. ಅಲ್ಲಿಗೆ ಅಖಂಡ ಬಂಡೆ ಸಿಗಬೇಕಿತ್ತು. ಹಾರೆ ಇನ್ನೂ ಇಳಿಯಿತು. ಎರಡನೇ ಗೇಣೂ ಬಿಡಿ ಕಲ್ಲೇ. ಅದು ಮುಗಿದ ಮೇಲೆ ಹಾರೆ ಠಣ್ ಅಂತು.

ಬಾಹುಬಲಿಯವರು ತಲೆ ಕೆರೆದುಕೊಂಡರು. “ಮ್ಯಾಲಿನ ಗೇಣು ನಿಮ್ಮ ಕೈಗೆಲಸ, ಒಪ್ಪಿದೆ. ಕೆಳಗಿಂದು ಮಳಿ ಬಿಸಲಿಗೆ ಬಿರತ ನಿಜವಾದ ಪದರು ಇರಬೇಕು. ಹಂಗಿದ್ರ ಮಾಲು ಇನ್ನೂ ದಪ್ಪನs ಐತಿ. ನಾ ಗುಂಡಿ ತೋಡಾಕs ಬೇಕು.”

ಭರಮು ಹಾರೆಗೆ ಆತು ನಿಂತ. ಮರ್ಯಾದೆ ಬಿಟ್ಟು ನಿಜ ಹೇಳಿದ್ದೂ ನೀರಲ್ಲಿ ಹೋಮವಾಗಿತ್ತು.

ರೊಟ್ಟಿಯ ಬುಟ್ಟಿ ಹೊತ್ತು ಬಂದ ಜನಾಬಾಯಿ ಗುಂಡಿಯ ಅಂಚಿನಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿ ಇಳಿಸಿ ಕೆಳಗೆ ಬಂದಳು.

“ಸಾಹೇಬ್ರ, ಮ್ಯಾಲಿನ ಗೇಣು ಇವರದಲ್ರಿ, ನಂದು. ಕೆಳಗಿಂದು ಇವರದು.”

ಭರಮು ತಟ್ಟನೆ ಅವಳತ್ತ ತಿರುಗಿದ. ಅವಳು ಮುಂದುವರಿಸಿದಳು.

“ಇಡೀ ಗುಡ್ಡಕ್ಕ ಗಟ್ಟಿ ಆಳ್ರಿ ಇವರು. ಆ ವಾರ ಅರ್ಧಾನೂ ಕಡೀಲಿಲ್ಲ. ಕೇಳಿದ್ರ ಏನಿಲ್ಲ ಅಂದ್ರು. ಕೈಗೆ ಏನೋ ಆಗೈತಿ, ನನಗ ಹೇಳವಲ್ರು ಅಂದಕೊಂಡ್ಯಾ. ಮುಕಾದಮ ಕೆಲಸದಿಂದ ತಗದ್ರ ಹೆಂಗ ಅಂತ, ಶನಿವಾರ ಅಳತಿಗೆ ತುಸು ಮೊದಲ, ಇವರು ಹಾರಿ ಚೂಪ ಮಾಡಸಾಕ ಕಮ್ಮಾರನ ಕಡೆ ಹ್ವಾದಾಗ ಹುಲ್ಲ ಎಬ್ಬಿಸಿ ಕಲ್ಲ ತುಂಬಿದ್ನಿ.”

ಗಂಡ ಚಾಪೆಯ ಕೆಳಗೆ ತೂರಿದರೆ ಹೆಂಡತಿ ರಂಗೋಲಿಯ ಕೆಳಗೆ ತೂರಿದ್ದಳು. ಬಾಹುಬಲಿಯವರು ಜೋರಾಗಿ ನಕ್ಕುಬಿಟ್ಟರು. ಟೇಪು ಹಿಡಿದು ಬಂಡೆಯಿಂದ ಕೆಳಕ್ಕೆ ಮತ್ತೊಮ್ಮೆ ಅಳೆದರು. ಹಳೆಯ ಕಾಗದದಲ್ಲಿ ಇದ್ದಷ್ಟೇ ಬಂತು. ಇಷ್ಟು ತೆಳು ಮಾಲಿಗೆ ಯಾವ ಕಂಪನಿಯೂ ಬರುವುದಿಲ್ಲ, ತೋಡುವುದೂ ಬೇಡ ಎಂದು ಅಲ್ಲೇ ಬರೆದು, ಕಳವಿನ ಮಾತು ತಾವು ಕೇಳಿಯೇ ಇಲ್ಲವೆಂದು ಹೇಳಿ ಜೀಪು ಹತ್ತಿದರು.

ಭರಮು ಮಾತ್ರ ನಗಲಿಲ್ಲ. ಒಡೆದ ಕಲ್ಲುಗಳ ನಡುವೆ ಕೂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

“ಎಷ್ಟ ಬುಟ್ಟಿ ಹೊತ್ತಿದ್ದಿ?”

“ಹದಿನಾಕೋ ಹದಿನೈದೋ. ಯಾರಿಗೆ ನೆಪ್ಪೈತಿ.”

“ನಿನ್ನ ತಲಿಮ್ಯಾಲಿಂದ ಇಳಸಬೇಕಂತ ನಾ ಕಡೀದ ಬಿಟ್ಟ ಕಲ್ಲು. ಅಷ್ಟೂ ನೀ ಮತ್ತ ಹೊತ್ತಿ, ಏಳ ತಿಂಗಳ ಹೊಟ್ಟಿ ಇಟಗೊಂಡು.”

ಜನಾಬಾಯಿಗೆ ಆಗ ಅರ್ಥವಾಯಿತು, ಅವನ ಕೈಗೆ ಏನೂ ಆಗಿರಲಿಲ್ಲ ಎಂದು. ಸೆರಗಿನಿಂದ ಕಣ್ಣೊರೆಸಿಕೊಂಡು, “ಆತಲ್ಲ, ಮಗಳು ಚಲೋನs ಹುಟ್ಟಿದ್ಲು. ಏಳ್ರಿ, ರೊಟ್ಟಿ ಆರಾಕತ್ತಾವ” ಅಂದಳು.

ಊಟವಾದ ಮೇಲೆ ಭರಮು ಖಾಲಿ ಬುಟ್ಟಿಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಗುಡ್ಡ ಇಳಿದ. ಮಂದಿ ನೋಡಿದರೆ ನಗುತ್ತಾರೆ, ಕೊಡಿರಿ ಎಂದು ಜನಾಬಾಯಿ ಊರು ಮುಟ್ಟುವವರೆಗೂ ಕೇಳಿದಳು. ಅವನು ಕೊಡಲಿಲ್ಲ.